ಬೋಳು ಹರಡುವುದನ್ನು ತಡೆಯುವ ಮದ್ದುಗಳು: ಪ್ರಯೋಗಗಳ ಅಂಕಿ ನೋಡಿ ಆರಿಸಿಕೊಳ್ಳುವ ಬಗೆ

ಗಂಡಸರಲ್ಲಿ ಹಣೆಯ ಎರಡು ಮೂಲೆಗಳಿಂದ ಹಿಂದೆ ಸರಿಯುತ್ತ ನೆತ್ತಿಯಲ್ಲಿ ತೆಳುವಾಗುವ ಕೂದಲು, ಹೆಂಗಸರಲ್ಲಿ ವರ್ಷದಿಂದ ವರ್ಷಕ್ಕೆ ಅಗಲವಾಗುವ ಬೈತಲೆ. ವೈದ್ಯರು ಇದನ್ನು ಆಂಡ್ರೊಜೆನೆಟಿಕ್ ಅಲೊಪೇಸಿಯ ಎನ್ನುತ್ತಾರೆ. ಮದ್ದು ಹುಡುಕಲು ಹೊರಟವರಿಗೆ ಮಾತ್ರೆ, ದ್ರಾವಣ, ಫೋಮ್, ಲೇಸರ್ ಬಾಚಣಿಗೆ, ರಕ್ತದ ಚುಚ್ಚುಮದ್ದು, ರೋಸ್‌ಮೇರಿ ಎಣ್ಣೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ, ಮತ್ತು ಪ್ರತಿಯೊಂದರ ಹಿಂದೆಯೂ ಒಂದು ಶೇಕಡಾವಾರು ಅಂಕಿ ನಿಂತಿರುತ್ತದೆ. ಆ ಶೇಕಡಾವಾರುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರೆ ದಾರಿ ತಪ್ಪುವುದು ಖಂಡಿತ. ಎಲ್ಲವನ್ನೂ ಒಂದೇ ಅಳತೆಗೆ ತಂದು ನೋಡಿದರೆ ಮಾತ್ರ ಆಯ್ಕೆ ಸಾಕಷ್ಟು ಸ್ಪಷ್ಟವಾಗುತ್ತದೆ.

ಮೊದಲು, ಇದು ಅದೇ ತೊಂದರೆಯೇ?

ತಲೆಯಲ್ಲಿ ನಾಣ್ಯದಗಲದ ನುಣುಪಾದ ತೇಪೆಗಳು ಥಟ್ಟನೆ ಕಾಣಿಸಿಕೊಂಡಿದ್ದರೆ ಅದು ಅಲೊಪೇಸಿಯ ಏರಿಯೇಟಾ, ಬೇರೆಯೇ ಕಾಯಿಲೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಬ್ಯಾರಿಸಿಟಿನಿಬ್ ಮಾತ್ರೆ ಅದಕ್ಕೇ ಹೊರತು ಇದಕ್ಕಲ್ಲ. ಜ್ವರ, ಹೆರಿಗೆ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುತ್ತಿದ್ದರೆ ಅದು ಬಹುತೇಕ ತಾನಾಗಿ ಸರಿಹೋಗುವ ಬಗೆ. ಕೂದಲು ಹೋದ ಜಾಗದಲ್ಲಿ ಕೆಂಪು, ಉರಿ, ಹೊಟ್ಟು ಇದ್ದು ಚರ್ಮ ಹೊಳೆಯುತ್ತಿದ್ದರೆ ತಡಮಾಡದೆ ಚರ್ಮತಜ್ಞರ ಬಳಿ ಹೋಗಬೇಕು. ಗಾಯದ ಕಲೆಯಾಗಿ ಮುಚ್ಚಿಹೋದ ಬುಡದಿಂದ ಮತ್ತೆ ಕೂದಲು ಬರುವುದಿಲ್ಲ.

ನಾವು ಇಲ್ಲಿ ಮಾತಾಡುತ್ತಿರುವ ತೊಂದರೆಯನ್ನು ಡರ್ಮಾಸ್ಕೋಪಿನ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ಕೆಳಗೆ ಸುಲಭವಾಗಿ ಗುರುತಿಸಬಹುದು. ದಪ್ಪ ಕೂದಲು ಮತ್ತು ನೂಲಿನಷ್ಟು ಸಣ್ಣ ಕೂದಲು ಅಕ್ಕಪಕ್ಕದಲ್ಲೇ ಬೆರೆತಿರುತ್ತವೆ. ಬುಡ ಸತ್ತಿರುವುದಿಲ್ಲ, ಪ್ರತಿ ಸುತ್ತಿನಲ್ಲೂ ಕುಗ್ಗುತ್ತ ಸಣ್ಣ ಕೂದಲನ್ನು ಬೆಳೆಸುತ್ತಿರುತ್ತದೆ. ಮದ್ದಿಗೆ ಇರುವ ಅವಕಾಶವೂ ಅಷ್ಟೇ: ಕುಗ್ಗುತ್ತಿರುವ ಬುಡವನ್ನು ಉಳಿಸಬಹುದು, ವರ್ಷಗಟ್ಟಲೆ ನುಣ್ಣಗಿರುವ ಜಾಗದಲ್ಲಿ ಕಾಡು ಬೆಳೆಸಲಾಗದು. ಹೆಂಗಸರಲ್ಲಿ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಯೇ ಮುಂದುವರಿಯುವುದು ಒಳ್ಳೆಯದು. ಅವುಗಳ ತೊಂದರೆಯೂ ಬೋಳುತನವೂ ಜೊತೆಗಿದ್ದರೆ ಒಂದಕ್ಕಷ್ಟೇ ಮದ್ದು ಮಾಡಿ ಫಲವಿಲ್ಲ.

ಎರಡೇ ದಾರಿ

1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಒಂದು ಸಂಗತಿ ದಾಖಲಿಸಿದರು. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರು ಬೋಳಾಗುವುದಿಲ್ಲ. ಅವರಿಗೆ ಟೆಸ್ಟೊಸ್ಟೆರಾನ್ ಕೊಟ್ಟರೆ, ಮನೆತನದಲ್ಲಿ ಬೋಳುತನ ಇದ್ದವರಲ್ಲಿ ಅದು ಶುರುವಾಗುತ್ತದೆ. ಹಾರ್ಮೋನು ಮತ್ತು ಅನುವಂಶ ಎರಡೂ ಬೇಕು ಎಂದು ಅಲ್ಲಿಗೆ ತಿಳಿಯಿತು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಗಿನ್ಲಿ ಮತ್ತು ಜೊತೆಗಾರರು ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಬಗ್ಗೆ ಬರೆದರು. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಅಲ್ಲಿನ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇತ್ತು, ಆದರೆ ಅದು ಡಿಎಚ್‌ಟಿ ಎಂಬ, ಕೂದಲ ಬುಡವನ್ನು ಕುಗ್ಗಿಸುವ ಹಾರ್ಮೋನಾಗಿ ಮಾರ್ಪಡುತ್ತಿರಲಿಲ್ಲ. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿತ್ತು, ಹಣೆಯಂಚು ಹಿಂದೆ ಸರಿದಿರಲಿಲ್ಲ. ಫಿನಾಸ್ಟರೈಡ್ ಮತ್ತು ಡುಟಾಸ್ಟರೈಡ್ ಎಂಬ ಮದ್ದುಗಳು ಹುಟ್ಟಿದ್ದು ಈ ಸುಳಿವಿನಿಂದ. ಇವು ಕಾರಣವನ್ನೇ ತಗ್ಗಿಸುವ ದಾರಿ.

ಇನ್ನೊಂದು ದಾರಿ ಆಕಸ್ಮಿಕವಾಗಿ ಸಿಕ್ಕಿತು. ಮಿನಾಕ್ಸಿಡಿಲ್ ರಕ್ತದೊತ್ತಡದ ಮಾತ್ರೆಯಾಗಿ 1979ರಲ್ಲಿ ಬಂತು. ತೆಗೆದುಕೊಂಡವರ ಮೈಮೇಲೆಲ್ಲ ಕೂದಲು ಬೆಳೆದಾಗ ಅದನ್ನು ತಲೆಗೆ ಹಚ್ಚಿ ನೋಡುವ ಯೋಚನೆ ಬಂತು, 1988ರಲ್ಲಿ 2% ದ್ರಾವಣಕ್ಕೆ ಒಪ್ಪಿಗೆ ಸಿಕ್ಕಿತು. ಇದು ಡಿಎಚ್‌ಟಿಯನ್ನು ಮುಟ್ಟುವುದಿಲ್ಲ. ಕೂದಲು ಬೆಳೆಯುವ ಅವಧಿಯನ್ನು ಉದ್ದಮಾಡಿ ಬುಡವನ್ನು ಮುಂದಕ್ಕೆ ತಳ್ಳುತ್ತದೆ, ಕುಗ್ಗಿಸುವ ಕಾರಣ ಹಾಗೇ ಉಳಿದಿರುತ್ತದೆ. ಹಾಗಾಗಿ ಇವೆರಡರಲ್ಲಿ ಒಂದು ಇನ್ನೊಂದರ ಬದಲಿಯಲ್ಲ.

ಅಂಕಿಗಳನ್ನು ಒಂದೇ ಅಳತೆಗೆ ತರುವುದು

ಪ್ರಯೋಗದಲ್ಲಿ ಕೂದಲು ಎಣಿಸುವ ಕ್ರಮ ಹೀಗಿದೆ. ನೆತ್ತಿಯಲ್ಲಿ ತೆಳುವಾಗುತ್ತಿರುವ ಜಾಗದ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಹಚ್ಚೆ ಹಾಕುತ್ತಾರೆ. ಅದರ ಸುತ್ತ ಗೊತ್ತುಪಡಿಸಿದ ವಿಸ್ತಾರದ ಕೂದಲನ್ನು ಸುಮಾರು ಒಂದು ಮಿಲಿಮೀಟರಿಗೆ ಕತ್ತರಿಸಿ, ಹತ್ತಿರದಿಂದ ಚಿತ್ರ ತೆಗೆದು, ಯಾರಿಗೆ ಯಾವ ಮದ್ದು ಎಂದು ತಿಳಿಯದವರು ಎಣಿಸುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಅದೇ ಚುಕ್ಕೆ ಹಿಡಿದು ಮತ್ತೆ ಎಣಿಕೆ. ಇದರ ಜೊತೆಗೆ ಇಡೀ ತಲೆಯ ಫೋಟೊವನ್ನು ತಜ್ಞರ ತಂಡ ‘ತುಂಬ ಕೆಟ್ಟಿದೆ’ಯಿಂದ ‘ತುಂಬ ಸುಧಾರಿಸಿದೆ’ವರೆಗಿನ ಏಳು ಹಂತದಲ್ಲಿ ಅಳೆಯುತ್ತದೆ.

ತೊಡಕು ಬರುವುದು ವಿಸ್ತಾರದಲ್ಲಿ. ಫಿನಾಸ್ಟರೈಡಿನ ಹಳೆಯ ಪ್ರಯೋಗಗಳು ಒಂದು ಅಂಗುಲ ವ್ಯಾಸದ ವೃತ್ತದಲ್ಲಿ ಎಣಿಸಿದವು, ಅಂದರೆ ಸುಮಾರು 5.1 ಚದರ ಸೆಂ.ಮೀ. ಬೇರೆ ಕೆಲವು ಒಂದು ಚದರ ಸೆಂ.ಮೀ. ಲೆಕ್ಕ ಕೊಡುತ್ತವೆ. ‘107 ಕೂದಲು ಹೆಚ್ಚು’ ಎಂಬುದು ‘20 ಕೂದಲು ಹೆಚ್ಚು’ ಎಂಬುದಕ್ಕಿಂತ ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ. ಮೊದಲು 5.1ರಿಂದ ಭಾಗಿಸಿ. ಆಮೇಲೆ ಪ್ಲಸೀಬೊ (ಮದ್ದಿಲ್ಲದ ನಕಲಿ ಮಾತ್ರೆ ಅಥವಾ ದ್ರಾವಣ) ಗುಂಪಿನಲ್ಲಿ ಆದ ಬದಲಾವಣೆಯನ್ನು ಕಳೆಯಿರಿ. ಬರಿಯ ದ್ರಾವಣ ಹಚ್ಚಿದವರಲ್ಲೂ ಆರು ತಿಂಗಳಲ್ಲಿ ನಾಲ್ಕಾರು ಕೂದಲು ಹೆಚ್ಚಾಗಿ ಕಂಡ ಪ್ರಯೋಗಗಳಿವೆ. ಋತುಮಾನಕ್ಕೆ ತಕ್ಕಂತೆ ಉದುರುವಿಕೆ ಬದಲಾಗುತ್ತದೆ, ಎಣಿಕೆಯಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ.

ಹೀಗೆ ಪ್ಲಸೀಬೊ ಕಳೆದು, ಚದರ ಸೆಂ.ಮೀ. ಲೆಕ್ಕಕ್ಕೆ ತಂದಾಗ ಗಂಡಸರಲ್ಲಿ ಸಿಗುವ ಚಿತ್ರ ಇದು:

- ಫಿನಾಸ್ಟರೈಡ್ 1 ಮಿ.ಗ್ರಾಂ., ಒಂದು ವರ್ಷ: ಸುಮಾರು 21
- ಫಿನಾಸ್ಟರೈಡ್ 1 ಮಿ.ಗ್ರಾಂ., 24 ವಾರ (ಡುಟಾಸ್ಟರೈಡ್ ಜೊತೆ ಹೋಲಿಸಿದ ಪ್ರಯೋಗ): ಸುಮಾರು 12
- ಡುಟಾಸ್ಟರೈಡ್ 0.5 ಮಿ.ಗ್ರಾಂ., ಅದೇ ಪ್ರಯೋಗ, 24 ವಾರ: ಸುಮಾರು 18ರಿಂದ 19
- ತಲೆಗೆ ಸಿಂಪಡಿಸುವ ಫಿನಾಸ್ಟರೈಡ್ 0.25%, 24 ವಾರ: ಸುಮಾರು 13
- ಮಿನಾಕ್ಸಿಡಿಲ್ 5% ದ್ರಾವಣ, 48 ವಾರ: ಸುಮಾರು 15
- ಮಿನಾಕ್ಸಿಡಿಲ್ 2% ದ್ರಾವಣ, 48 ವಾರ: ಸುಮಾರು 9

ಫಿನಾಸ್ಟರೈಡ್ ಪ್ರಯೋಗಕ್ಕೆ ಬಂದವರಲ್ಲಿ ಶುರುವಿನಲ್ಲೇ ಚದರ ಸೆಂ.ಮೀ.ಗೆ 170 ಚಿಲ್ಲರೆ ಕೂದಲಿದ್ದವು. ಅದರ ಮೇಲೆ 21 ಎಂದರೆ ನೂರಕ್ಕೆ ಹನ್ನೆರಡು. ಕೂದಲು ದಪ್ಪವೂ ಆಗುವುದರಿಂದ ಕಣ್ಣಿಗೆ ಕಾಣುವ ಬದಲಾವಣೆ ಇದಕ್ಕಿಂತ ಚೆನ್ನಾಗಿರುತ್ತದೆ, ಆದರೂ ಜಾಹೀರಾತಿನ ‘ಮೊದಲು – ನಂತರ’ ಚಿತ್ರದಷ್ಟು ಅಲ್ಲ. ಪಟ್ಟಿಯಲ್ಲಿ ಒಂದೇ ಪ್ರಯೋಗದೊಳಗಿನ ಹೋಲಿಕೆಯನ್ನು ಪೂರಾ ನಂಬಬಹುದು. ಬೇರೆ ಬೇರೆ ಪ್ರಯೋಗಗಳ ನಡುವಿನ ಎರಡು ಮೂರು ಕೂದಲಿನ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ವಯಸ್ಸು, ಬೋಳಿನ ಹಂತ, ಅವಧಿ ಎಲ್ಲವೂ ಬದಲಾಗಿರುತ್ತವೆ.

ಶೇಕಡಾವಾರಿನ ಮೋಸಕ್ಕೆ ಉದಾಹರಣೆ ಇದೇ ಪಟ್ಟಿಯಲ್ಲಿದೆ. 2002ರಲ್ಲಿ ಪ್ರಕಟವಾದ, 393 ಗಂಡಸರ ಮಿನಾಕ್ಸಿಡಿಲ್ ಪ್ರಯೋಗವನ್ನು ‘2%ಗಿಂತ 5% ಶೇ 45ರಷ್ಟು ಹೆಚ್ಚು ಪರಿಣಾಮಕಾರಿ’ ಎಂದು ಎಲ್ಲೆಡೆ ಹೇಳುತ್ತಾರೆ. ಅದರ ಹಿಂದಿನ ಅಂಕಿ 18.6 ಮತ್ತು 12.7. ಚದರ ಸೆಂ.ಮೀ.ಗೆ ಆರು ಕೂದಲು. ಆರು ಕೂದಲು ಬೇಡ ಎನ್ನುವವರಿಲ್ಲ, ಆದರೆ 2% ಹಚ್ಚಿ ಹಿತವಾಗಿದ್ದು 5% ಹಚ್ಚಿದರೆ ತಲೆ ಉರಿಯುವವರು ಈ ಆರಕ್ಕಾಗಿ ಮದ್ದನ್ನೇ ಬಿಟ್ಟುಬಿಡುವಂತಾಗಬಾರದು.

ಫಿನಾಸ್ಟರೈಡೋ ಡುಟಾಸ್ಟರೈಡೋ

ಫಿನಾಸ್ಟರೈಡ್ 1 ಮಿ.ಗ್ರಾಂ. ಮಾತ್ರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1997ರ ಡಿಸೆಂಬರಿನಲ್ಲಿ. ಅದಕ್ಕೆ ಆಧಾರವಾದ ಪ್ರಯೋಗಗಳಲ್ಲಿ 1553 ಗಂಡಸರಿದ್ದರು. ಒಂದು ವರ್ಷವಾದ ಮೇಲೆ ಮದ್ದು ನಿಲ್ಲಿಸಿ ಪ್ಲಸೀಬೊಗೆ ಬದಲಿಸಿದವರಲ್ಲಿ ಗಳಿಸಿದ್ದು ಕರಗಿತು, ಮುಂದುವರಿಸಿದವರಲ್ಲಿ ಉಳಿಯಿತು. ಐದು ವರ್ಷದ ಅಂಕಿ ಇನ್ನಷ್ಟು ಮುಖ್ಯ. ಮದ್ದು ತೆಗೆದುಕೊಂಡವರ ಕೂದಲು ಮೊದಲ ವರ್ಷ ಏರಿ, ಆಮೇಲೆ ನಿಧಾನವಾಗಿ ಇಳಿದು, ಶುರುವಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ನಿಂತಿತ್ತು. ಪ್ಲಸೀಬೊ ಗುಂಪು ಅಷ್ಟರಲ್ಲಿ ಬಹಳ ಕೆಳಗೆ ಹೋಗಿತ್ತು. ಅದೇ ವೃತ್ತದಲ್ಲಿ ಇಬ್ಬರ ನಡುವಿನ ಅಂತರ 277 ಕೂದಲು, ಅಂದರೆ ಚದರ ಸೆಂ.ಮೀ.ಗೆ 54ರ ಆಸುಪಾಸು. ಈ ಮದ್ದಿನ ನಿಜವಾದ ಲಾಭ ಹೊಸ ಬೆಳೆಗಿಂತ ಹೆಚ್ಚಾಗಿ ಕಳೆದುಕೊಳ್ಳದೇ ಇದ್ದುದರಲ್ಲಿದೆ. ಎರಡನೇ ವರ್ಷ ‘ಏನೂ ಹೆಚ್ಚಾಗುತ್ತಿಲ್ಲ’ ಎಂದು ಬೇಸತ್ತು ನಿಲ್ಲಿಸುವವರು ಕಳೆದುಕೊಳ್ಳುವುದು ಇದನ್ನೇ.

ಪ್ರಮಾಣ ಹೆಚ್ಚಿಸಿದರೆ ಫಲ ಹೆಚ್ಚುವುದಿಲ್ಲ. 1999ರ ಅಧ್ಯಯನವೊಂದರಲ್ಲಿ ತಲೆಚರ್ಮದ ಡಿಎಚ್‌ಟಿ 0.2 ಮಿ.ಗ್ರಾಂ.ನಿಂದ ಶೇ 56.5, 1 ಮಿ.ಗ್ರಾಂ.ನಿಂದ ಶೇ 64.1, 5 ಮಿ.ಗ್ರಾಂ.ನಿಂದ ಶೇ 69.4 ಇಳಿಯಿತು. ಪ್ರಾಸ್ಟೇಟಿಗೆಂದು ಬರುವ 5 ಮಿ.ಗ್ರಾಂ. ಮಾತ್ರೆಯನ್ನು ಇಡಿಯಾಗಿ ನುಂಗುವುದಕ್ಕೆ ಅರ್ಥವಿಲ್ಲ. ಅದನ್ನು ತುಂಡು ಮಾಡಿ ತೆಗೆದುಕೊಳ್ಳುವವರು ಇದ್ದಾರೆ. ಆಗ ಬೀಳುವ ಪುಡಿಯನ್ನು ಗರ್ಭಿಣಿ ಮುಟ್ಟಬಾರದು, ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ತೊಂದರೆಯಾಗುತ್ತದೆ.

ಫಿನಾಸ್ಟರೈಡ್ ಆ ಕಿಣ್ವದ ಎರಡನೇ ಬಗೆಯನ್ನಷ್ಟೇ ತಡೆದು ರಕ್ತದ ಡಿಎಚ್‌ಟಿಯನ್ನು ಶೇ 70ರವರೆಗೆ ಇಳಿಸುತ್ತದೆ. ಡುಟಾಸ್ಟರೈಡ್ ಒಂದನೇ ಬಗೆಯನ್ನೂ ತಡೆದು ಶೇ 90ಕ್ಕಿಂತ ಹೆಚ್ಚು ಇಳಿಸುತ್ತದೆ. 917 ಗಂಡಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 24 ವಾರಕ್ಕೆ ವೃತ್ತದೊಳಗೆ ಡುಟಾಸ್ಟರೈಡ್ 0.5 ಮಿ.ಗ್ರಾಂ. 89.6, ಫಿನಾಸ್ಟರೈಡ್ 56.5 ಕೂದಲು ಹೆಚ್ಚಿಸಿದವು, ಪ್ಲಸೀಬೊ ಗುಂಪು 4.9 ಕಳೆದುಕೊಂಡಿತು. ಡುಟಾಸ್ಟರೈಡ್ ಮೇಲುಗೈ ಎಂಬುದರಲ್ಲಿ ಸಂಶಯವಿಲ್ಲ. ದಕ್ಷಿಣ ಕೊರಿಯ 2009ರಲ್ಲಿ, ಜಪಾನ್ 2015ರಲ್ಲಿ ಇದನ್ನು ಕೂದಲಿಗೆ ಒಪ್ಪಿದವು. ಅಮೆರಿಕದಲ್ಲಿ ಇಂದಿಗೂ ಪ್ರಾಸ್ಟೇಟಿಗೆ ಮಾತ್ರ.

ಹಾಗಿದ್ದರೂ ಮೊದಲ ಆಯ್ಕೆ ಫಿನಾಸ್ಟರೈಡೇ ಆಗಲಿ ಎನ್ನುತ್ತೇವೆ. ಕಾರಣ, ಹಿಂದಿರುಗುವ ದಾರಿ. ಫಿನಾಸ್ಟರೈಡ್ ಐದಾರು ಗಂಟೆಗೆ ರಕ್ತದಲ್ಲಿ ಅರ್ಧವಾಗುತ್ತದೆ, ಡುಟಾಸ್ಟರೈಡ್ ಅರ್ಧವಾಗಲು ಸುಮಾರು ಐದು ವಾರ ಬೇಕು. ಅಡ್ಡಪರಿಣಾಮ ಕಂಡು ಇಂದು ನಿಲ್ಲಿಸಿದರೂ ಅದು ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ. ಅಮೆರಿಕದಲ್ಲಿ ರಕ್ತದಾನಕ್ಕೆ ಮುನ್ನ ಫಿನಾಸ್ಟರೈಡಿಗೆ ಒಂದು ತಿಂಗಳು, ಡುಟಾಸ್ಟರೈಡಿಗೆ ಆರು ತಿಂಗಳು ಕಾಯಿಸುವುದೂ ಇದಕ್ಕೇ. ಸದ್ಯದಲ್ಲೇ ಮಗು ಬೇಕೆಂದಿರುವವರಿಗೆ ಈ ವ್ಯತ್ಯಾಸ ದೊಡ್ಡದು. ಒಂದು ವರ್ಷ ಫಿನಾಸ್ಟರೈಡ್ ಸರಿಯಾಗಿ ತೆಗೆದುಕೊಂಡು, ಫೋಟೊದಲ್ಲಿ ಇಳಿಕೆ ಖಚಿತವಾದಾಗ ಡುಟಾಸ್ಟರೈಡಿಗೆ ಹೋಗುವುದು ನ್ಯಾಯವಾದ ಹೆಜ್ಜೆ.

ಅಡ್ಡಪರಿಣಾಮದ ಬಗ್ಗೆ ಎರಡು ತುದಿಯ ಮಾತು ಕೇಳಿಬರುತ್ತದೆ, ಎರಡೂ ಪೂರ್ತಿ ನಿಜವಲ್ಲ. ಮೊದಲ ವರ್ಷದ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿದವರು ಫಿನಾಸ್ಟರೈಡಿನಲ್ಲಿ ಶೇ 3.8, ಪ್ಲಸೀಬೊದಲ್ಲಿ ಶೇ 2.1. ಹೆದರಿಕೆಯೂ ಕೆಲಸ ಮಾಡುತ್ತದೆ: 2007ರಲ್ಲಿ ಇಟಲಿಯ ಸಂಶೋಧಕರು ಪ್ರಾಸ್ಟೇಟ್ ರೋಗಿಗಳಿಗೆ 5 ಮಿ.ಗ್ರಾಂ. ಕೊಟ್ಟಾಗ, ಲೈಂಗಿಕ ಅಡ್ಡಪರಿಣಾಮದ ಬಗ್ಗೆ ಮೊದಲೇ ಹೇಳಿದವರಲ್ಲಿ ಶೇ 43.6, ಹೇಳದವರಲ್ಲಿ ಶೇ 15.3 ಮಂದಿ ದೂರಿದರು. ಹಾಗೆಂದು ಎಲ್ಲವನ್ನೂ ಮನಸ್ಸಿನ ಭ್ರಮೆ ಎನ್ನುವುದು ತಪ್ಪು. ಮದ್ದು ಬಿಟ್ಟ ಮೇಲೂ ಲೈಂಗಿಕ ತೊಂದರೆ ಉಳಿದ ವರದಿಗಳಿರುವುದನ್ನು ಎಫ್‌ಡಿಎ ಮದ್ದಿನ ಮಾಹಿತಿಪತ್ರದಲ್ಲೇ ಸೇರಿಸಿದೆ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ ಆತ್ಮಹತ್ಯೆಯ ಯೋಚನೆಯನ್ನು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ಖಚಿತಪಡಿಸಿತು. ಹಿಂದೆ ಖಿನ್ನತೆ ಇದ್ದವರು ಅದನ್ನು ವೈದ್ಯರಿಗೆ ಹೇಳದೆ ಈ ಮಾತ್ರೆ ಶುರುಮಾಡಲೇಬಾರದು. ಶುರುಮಾಡಿದ ಮೇಲೆ ಮನಸ್ಸು ಕುಗ್ಗಿದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಇನ್ನೊಂದು ಎಚ್ಚರ. ಎರಡೂ ಮದ್ದು ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ನೋಡುವ ಪ್ರೋಟೀನು) ಅಂಕಿಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನ ತಪಾಸಣೆಗೆ ಹೋದಾಗ ಕೂದಲಿನ ಮಾತ್ರೆಯ ವಿಷಯ ಹೇಳದಿದ್ದರೆ ಕೆಟ್ಟ ಫಲಿತಾಂಶ ಒಳ್ಳೆಯದಾಗಿ ಕಾಣಬಹುದು.

ತಲೆಗೆ ಹಚ್ಚುವ ಫಿನಾಸ್ಟರೈಡ್

ಮಾತ್ರೆಯ ಭಯ ಇರುವವರಿಗೆ ಇದು ಆಕರ್ಷಕ. 2022ರಲ್ಲಿ ಪ್ರಕಟವಾದ 458 ಜನರ ಪ್ರಯೋಗದಲ್ಲಿ 24 ವಾರಕ್ಕೆ 0.25% ಸ್ಪ್ರೇ 20.2, ಪ್ಲಸೀಬೊ 6.7 ಕೂದಲು ಹೆಚ್ಚಿಸಿದವು. ಫಲ ಮಾತ್ರೆಗೆ ಸರಿಸುಮಾರು ಸಮ. ರಕ್ತದ ಡಿಎಚ್‌ಟಿ ಮಾತ್ರೆಯಿಂದ ಶೇ 55.6, ಸ್ಪ್ರೇಯಿಂದ ಶೇ 34.5 ಇಳಿಯಿತು. ರಕ್ತಕ್ಕೆ ಸೇರುವುದು ಕಡಿಮೆ, ಸೇರುವುದೇ ಇಲ್ಲ ಎಂದಲ್ಲ. ಈ ಫಲ ಅಳತೆಯ ಸ್ಪ್ರೇಗೆ ಸೇರಿದ್ದು. ಔಷಧಾಲಯದವರು ತಾವೇ ಬೆರೆಸಿಕೊಡುವ ದ್ರಾವಣಗಳ ಶಕ್ತಿ ಒಂದೊಂದು ಕಡೆ ಒಂದೊಂದು. ಅವುಗಳಿಂದ ಅಡ್ಡಪರಿಣಾಮವಾದ ವರದಿಗಳ ಬಗ್ಗೆ ಎಫ್‌ಡಿಎ 2025ರ ಏಪ್ರಿಲಿನಲ್ಲಿ ಎಚ್ಚರಿಸಿದೆ. ಮನೆಯಲ್ಲಿ ಗರ್ಭಿಣಿ ಇದ್ದರೆ ದಿಂಬಿಗೆ, ಟವೆಲಿಗೆ ತಾಗಿದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ಆ ಪರಿಸ್ಥಿತಿಯಲ್ಲಿ ಮಾತ್ರೆಯೇ ಸುರಕ್ಷಿತ.

ಮಿನಾಕ್ಸಿಡಿಲ್: ದ್ರಾವಣ, ಫೋಮ್, ಮಾತ್ರೆ

ಹೆಚ್ಚಿನವರಿಗೆ ‘ಮಿನಾಕ್ಸಿಡಿಲ್ ಕೆಲಸ ಮಾಡಲಿಲ್ಲ’ ಎನಿಸುವುದಕ್ಕೆ ಹಚ್ಚಿದ ರೀತಿಯೇ ಕಾರಣ. ದ್ರಾವಣವಾದರೆ ಒಂದು ಮಿ.ಲೀ. ದಿನಕ್ಕೆರಡು ಸಲ, ಫೋಮ್ ಆದರೆ ಅರ್ಧ ಮುಚ್ಚಳ ದಿನಕ್ಕೆರಡು ಸಲ. ಕೂದಲು ಮತ್ತು ತಲೆಚರ್ಮ ಒಣಗಿರಬೇಕು. ತೆಳುವಾದ ಜಾಗದಲ್ಲಿ ಬೆರಳಂತರಕ್ಕೊಂದು ಬೈತಲೆ ತೆಗೆದು ಚರ್ಮಕ್ಕೆ ತಾಗುವಂತೆ ಹಾಕಬೇಕು. ಕೂದಲಿನ ಮೇಲೆ ಸುರಿದದ್ದು ಕೂದಲಿಗೆ ಅಂಟಿಕೊಂಡು ವ್ಯರ್ಥವಾಗುತ್ತದೆ. ನಾಲ್ಕು ಗಂಟೆ ತಲೆ ತೊಳೆಯಬಾರದು, ರಾತ್ರಿಯದನ್ನು ಮಲಗುವುದಕ್ಕೆ ಎರಡು ಗಂಟೆ ಮುಂಚೆ ಹಚ್ಚಿ ಒಣಗಲು ಬಿಡಬೇಕು. ಕೈ ತೊಳೆಯಿರಿ, ಹೆಂಗಸರಲ್ಲಿ ಕೆನ್ನೆ, ಹಣೆಯ ಮೇಲೆ ಕೂದಲು ಬರುವುದು ಎಷ್ಟೋ ಸಲ ಕೈಯಿಂದಲೋ ದಿಂಬಿನಿಂದಲೋ ಹರಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜಾಗ್ರತೆ: ಸ್ವಲ್ಪವೇ ನೆಕ್ಕಿದರೂ ಅದರ ಪ್ರಾಣಕ್ಕೆ ಅಪಾಯ.

ತಲೆ ತುರಿಸಿ ಹೊಟ್ಟೇಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಅನ್ನು. ಫೋಮ್‌ನಲ್ಲಿ ಅದಿಲ್ಲ. ಬದಲಿಸಿ ನೋಡಿ, ಹೆಚ್ಚಿನವರಿಗೆ ಅಷ್ಟಕ್ಕೇ ಸರಿಹೋಗುತ್ತದೆ.

ಶುರುಮಾಡಿದ ಎರಡರಿಂದ ಎಂಟು ವಾರದೊಳಗೆ ಉದುರುವುದು ಜೋರಾಗಬಹುದು. ವಿಶ್ರಾಂತಿ ಹಂತದಲ್ಲಿದ್ದ ಹಳೆಯ ಕೂದಲನ್ನು ಹೊಸ ಸುತ್ತು ಹೊರದಬ್ಬುತ್ತದೆ. ಹೆದರಿ ಈ ಹೊತ್ತಿನಲ್ಲಿ ನಿಲ್ಲಿಸುವುದು ಅತ್ಯಂತ ನಷ್ಟದ ತೀರ್ಮಾನ, ಉದುರಿದ್ದು ಹೋಯಿತು, ಬರಬೇಕಾದ್ದು ಬರಲಿಲ್ಲ. ಕೆಲವರಿಗೆ ಮಾತ್ರ ನಿಜವಾಗಿಯೂ ಹತ್ತುವುದಿಲ್ಲ. ಮಿನಾಕ್ಸಿಡಿಲ್ ಹಾಗೇ ಕೆಲಸ ಮಾಡದು, ಬುಡದಲ್ಲಿರುವ ಸಲ್ಫೊಟ್ರಾನ್ಸ್‌ಫರೇಸ್ ಕಿಣ್ವ ಅದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಮಾರ್ಪಡಿಸಬೇಕು. ಆ ಕಿಣ್ವ ಕಡಿಮೆ ಇರುವವರಲ್ಲಿ ಫಲವೂ ಕಡಿಮೆ.

ದಿನಕ್ಕೆರಡು ಸಲ ಹಚ್ಚುವುದು ಬೇಡವೆನಿಸಿದವರಿಗೆ ಈಗ ಸಣ್ಣ ಪ್ರಮಾಣದ ಮಾತ್ರೆ ಬಂದಿದೆ, ಹೆಂಗಸರಿಗೆ ಸಾಮಾನ್ಯವಾಗಿ 0.25ರಿಂದ 1 ಮಿ.ಗ್ರಾಂ. ಸುತ್ತ, ಗಂಡಸರಿಗೆ 2.5ರಿಂದ 5. ಮಾತ್ರೆ ಹಚ್ಚುವುದಕ್ಕಿಂತ ಬಲವಾದದ್ದು ಎಂಬ ನಂಬಿಕೆ ಹರಡಿದೆ, ಪ್ರಯೋಗ ಅದನ್ನು ಬೆಂಬಲಿಸಲಿಲ್ಲ. ಬ್ರೆಜಿಲ್‌ನಲ್ಲಿ 90 ಗಂಡಸರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 24 ವಾರದ ಎಣಿಕೆಯಲ್ಲಿ 5 ಮಿ.ಗ್ರಾಂ. ಮಾತ್ರೆ 5% ದ್ರಾವಣವನ್ನು ಮೀರಲಿಲ್ಲ. ನೆತ್ತಿಯ ಫೋಟೊದಲ್ಲಿ ಮಾತ್ರ ಮಾತ್ರೆಯವರು ಮುಂದಿದ್ದರು. ಮಾತ್ರೆಯವರಲ್ಲಿ ಶೇ 49ಕ್ಕೆ ಮೈಮೇಲೆ ಕೂದಲು ಹೆಚ್ಚಿತು, ಶೇ 14ಕ್ಕೆ ತಲೆನೋವು ಬಂತು. 1404 ರೋಗಿಗಳ ದಾಖಲೆ ನೋಡಿದ 2021ರ ಅಧ್ಯಯನದಲ್ಲಿ ತಲೆಸುತ್ತು, ಪಾದ ಊತ, ಎದೆಬಡಿತದಂಥ ತೊಂದರೆಗೆ ಮಾತ್ರೆ ಬಿಟ್ಟವರು ಶೇ 1.2. ಅಂದರೆ ಮಾತ್ರೆಯ ಲಾಭ ಬಿಡದೆ ತೆಗೆದುಕೊಳ್ಳುವ ಅನುಕೂಲದಲ್ಲಿದೆ. ಹೃದಯದ ತೊಂದರೆ, ಕಡಿಮೆ ರಕ್ತದೊತ್ತಡ ಇರುವವರು ವೈದ್ಯರ ತಪಾಸಣೆ ಇಲ್ಲದೆ ಮುಟ್ಟಬಾರದು.

ಹಣೆಯಂಚಿನ ಪ್ರಶ್ನೆ

ಮೇಲಿನ ಅಂಕಿಗಳಲ್ಲಿ ಬಹುಪಾಲು ನೆತ್ತಿಯವು. ಫಿನಾಸ್ಟರೈಡಿಗೆ ತಲೆಯ ಮುಂಭಾಗದಲ್ಲೂ ಫಲ ಕಂಡ ಪ್ರಯೋಗವಿದೆ, ಆದರೆ ಹಣೆಯ ಎರಡು ಮೂಲೆಗಳಲ್ಲಿ ಹಿಂದೆ ಸರಿದದ್ದು ಮರಳುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅದರ ಮಾಹಿತಿಪತ್ರವೇ ಹೇಳುತ್ತದೆ. ಅಲ್ಲಿ ಕೂದಲು ಬೇಕೇಬೇಕು ಎಂದರೆ ನಾಟಿ ಶಸ್ತ್ರಚಿಕಿತ್ಸೆಯೇ ದಾರಿ. ಹಿಂದಲೆಯ ಬುಡವನ್ನು ಮುಂದೆ ನೆಟ್ಟರೂ ಅದು ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನಾರ್ಮನ್ ಒರೆಂಟ್ರೈಕ್ 1959ರಲ್ಲಿ ತೋರಿಸಿದರು. ಆದರೆ ಸುತ್ತಲಿನ ಹಳೆಯ ಕೂದಲು ಉದುರುತ್ತಲೇ ಇರುತ್ತದೆ. ಇಪ್ಪತ್ತೆರಡು ವಯಸ್ಸಿನಲ್ಲಿ ಮದ್ದಿಲ್ಲದೆ ನಾಟಿ ಮಾಡಿಸಿಕೊಂಡವರ ಹಣೆಯಲ್ಲಿ ನೆಟ್ಟ ಸಾಲು ಉಳಿದು, ಹಿಂದೆ ಖಾಲಿಯಾಗುತ್ತದೆ, ಮತ್ತೆ ತೆಗೆಯಲು ಹಿಂದಲೆಯಲ್ಲಿ ದಾಸ್ತಾನು ಇರುವುದಿಲ್ಲ. ಒಂದು ವರ್ಷ ಮದ್ದಿನಲ್ಲಿ ನೆಲೆನಿಂತ ಮೇಲೆ ಯೋಚಿಸಿ.

ಹೆಂಗಸರಿಗೆ ಲೆಕ್ಕ ಬೇರೆ

ಇಲ್ಲಿ ಮೊದಲ ಮದ್ದು ಮಿನಾಕ್ಸಿಡಿಲ್. 5% ಫೋಮ್ ದಿನಕ್ಕೊಮ್ಮೆ ಹಚ್ಚಿದರೆ 2% ದ್ರಾವಣ ಎರಡು ಸಲ ಹಚ್ಚಿದಷ್ಟೇ ಫಲ ಎಂದು 113 ಹೆಂಗಸರ ಪ್ರಯೋಗ ತೋರಿಸಿದೆ, ಒಂದು ಸಲದ್ದನ್ನೇ ಆರಿಸಿಕೊಳ್ಳಿ. ಫಿನಾಸ್ಟರೈಡ್ 1 ಮಿ.ಗ್ರಾಂ. ಮುಟ್ಟು ನಿಂತ 137 ಹೆಂಗಸರಲ್ಲಿ ಒಂದು ವರ್ಷ ಕೊಟ್ಟರೂ ಪ್ಲಸೀಬೊಗಿಂತ ಮೇಲಾಗಲಿಲ್ಲ; ಗಂಡನ ಮಾತ್ರೆಯನ್ನು ಹೆಂಡತಿ ಹಂಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಗಂಡುಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನನ್ನು ವೈದ್ಯರು ಸಾಮಾನ್ಯವಾಗಿ 100ರಿಂದ 200 ಮಿ.ಗ್ರಾಂ. ಪ್ರಮಾಣದಲ್ಲಿ ಕೊಡುತ್ತಾರೆ, ಇದಕ್ಕೆ ದೊಡ್ಡ ಪ್ರಯೋಗಗಳ ಬೆಂಬಲ ಕಡಿಮೆ. ಗರ್ಭ ಧರಿಸುವ ಸಾಧ್ಯತೆ ಇದ್ದವರು ಗರ್ಭನಿರೋಧಕ ಇಲ್ಲದೆ ತೆಗೆದುಕೊಳ್ಳಬಾರದು, ಮೂತ್ರಪಿಂಡದ ತೊಂದರೆ ಇದ್ದರೆ ಪೊಟ್ಯಾಸಿಯಂ ನೋಡಿಸಬೇಕು. ಮುಟ್ಟು ತಪ್ಪುತ್ತಿದ್ದು, ಮುಖದ ಮೇಲೆ ಕೂದಲು, ಮೊಡವೆ ಇದ್ದರೆ ಹಾರ್ಮೋನು ಪರೀಕ್ಷೆ ಮೊದಲು, ಮದ್ದು ಆಮೇಲೆ.

ಜೊತೆಗಿಟ್ಟುಕೊಳ್ಳಬಹುದಾದವು

ಮೈಕ್ರೊನೀಡ್ಲಿಂಗ್, ಅಂದರೆ ಸಣ್ಣ ಸೂಜಿಗಳ ಉರುಳೆಯಿಂದ ಚರ್ಮ ಚುಚ್ಚುವುದು. 2013ರಲ್ಲಿ ಪ್ರಕಟವಾದ ನೂರು ಗಂಡಸರ ಪ್ರಯೋಗದಲ್ಲಿ 12 ವಾರಕ್ಕೆ ಮಿನಾಕ್ಸಿಡಿಲ್ ಒಂದೇ ಹಚ್ಚಿದವರಲ್ಲಿ ಸರಾಸರಿ 22.2, ವಾರಕ್ಕೊಮ್ಮೆ 1.5 ಮಿ.ಮೀ. ಸೂಜಿಯೂ ಸೇರಿದವರಲ್ಲಿ 91.4 ಕೂದಲು ಹೆಚ್ಚಾದವು. ಅಂತರ ದೊಡ್ಡದು. ಅವಧಿ ಚಿಕ್ಕದು, ಚುಚ್ಚಿಸಿಕೊಂಡವರಿಗೆ ತಾವು ಯಾವ ಗುಂಪು ಎಂದು ಗೊತ್ತೇ ಇತ್ತು ಎಂಬುದನ್ನು ಮರೆಯಬಾರದು. ಮಾಡುವುದಾದರೆ ಚುಚ್ಚಿದ 24 ಗಂಟೆ ಮಿನಾಕ್ಸಿಡಿಲ್ ಹಚ್ಚಬೇಡಿ, ತೂತಾದ ಚರ್ಮದ ಮೂಲಕ ಅದು ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಇಳಿಯುತ್ತದೆ. ಉರುಳೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲೇಬೇಡಿ.

ಲೇಸರ್ ಬಾಚಣಿಗೆಗೆ 2007ರಲ್ಲಿ ಎಫ್‌ಡಿಎ ಕೊಟ್ಟದ್ದು ಮಾರಾಟದ ಅನುಮತಿ, ಈಗಾಗಲೇ ಇರುವ ಸಾಧನಗಳಿಗೆ ಸಮಾನವೆಂದು ಕಂಡುಕೊಂಡು ಕೊಡುವಂಥದ್ದು. ಮದ್ದಿಗೆ ಕೇಳುವಷ್ಟು ಪುರಾವೆಯನ್ನು ಇಲ್ಲಿ ಕೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ 26 ವಾರಕ್ಕೆ ಚದರ ಸೆಂ.ಮೀ.ಗೆ ಸುಮಾರು 20 ಕೂದಲು ಹೆಚ್ಚಿದವು. ಲೇಸರ್ ಇಲ್ಲದ ನಕಲಿ ಸಾಧನದಿಂದ ಒಂದು ಗುಂಪಿನಲ್ಲಿ 1.6, ಇನ್ನೊಂದರಲ್ಲಿ 9.4. ನಕಲಿಯ ಅಂಕಿಯೇ ಇಷ್ಟು ಓಲಾಡುವಾಗ ಅಸಲಿಯದನ್ನು ಎಷ್ಟು ನಂಬಬೇಕು ಎಂಬುದು ಯೋಚಿಸಬೇಕಾದ್ದು. ಮದ್ದನ್ನು ಸಹಿಸಲಾಗದವರಿಗೆ ಇದು ಸರಿ, ಮದ್ದಿನ ಬದಲಿಗೆ ಅಲ್ಲ.

ಪಿಆರ್‌ಪಿ, ಅಂದರೆ ನಮ್ಮದೇ ರಕ್ತದ ಪ್ಲೇಟ್‌ಲೆಟ್ ಚುಚ್ಚುವುದರ ತೊಡಕು ತಯಾರಿಯಲ್ಲಿದೆ. ರಕ್ತವನ್ನು ಎಷ್ಟು ವೇಗದಲ್ಲಿ ಎಷ್ಟು ಹೊತ್ತು ತಿರುಗಿಸಿದರು, ಪ್ಲೇಟ್‌ಲೆಟ್ ಎಷ್ಟು ಪಟ್ಟು ಸಾಂದ್ರವಾಯಿತು, ಎಷ್ಟು ವಾರಕ್ಕೊಮ್ಮೆ ಚುಚ್ಚಿದರು ಎಂಬುದು ಕಡೆಯಿಂದ ಕಡೆಗೆ ಬೇರೆ. ಒಂದು ಕಡೆಯ ಒಳ್ಳೆಯ ಫಲಿತಾಂಶ ಇನ್ನೊಂದು ಕಡೆಯ ಚುಚ್ಚುಮದ್ದಿಗೆ ಸಾಕ್ಷಿಯಾಗದು. ಮೊದಲು ಸಾಬೀತಾದ ಎರಡು ದಾರಿಗೆ ಹಣ ಹಾಕಿ.

ರೋಸ್‌ಮೇರಿ ಎಣ್ಣೆ ಮಿನಾಕ್ಸಿಡಿಲ್‌ಗೆ ಸಮ ಎಂಬ ಮಾತಿನ ಮೂಲ 2015ರ ನೂರು ಜನರ ಪ್ರಯೋಗ. ಹೋಲಿಸಿದ್ದು 2% ದ್ರಾವಣದ ಜೊತೆ, ಪ್ಲಸೀಬೊ ಗುಂಪೇ ಇರಲಿಲ್ಲ. ಆರು ತಿಂಗಳಲ್ಲಿ ರೋಸ್‌ಮೇರಿಯವರ ಎಣಿಕೆ 122.8ರಿಂದ 129.6ಕ್ಕೆ, ಮಿನಾಕ್ಸಿಡಿಲ್‌ನವರದು 138.4ರಿಂದ 140.7ಕ್ಕೆ ಹೋಯಿತು. ಮಿನಾಕ್ಸಿಡಿಲ್ ಅಲ್ಲಿ ಕೆಲಸವನ್ನೇ ಮಾಡಿದಂತಿಲ್ಲ. ಓಡದವರ ಜೊತೆ ಸಮನಾದದ್ದು ಗೆಲುವಲ್ಲ. ಸಾ ಪಾಲ್ಮೆಟೊ ಎಂಬ ಕುಳ್ಳ ತಾಳೆಯ ಹಣ್ಣಿನ ಸಾರ 320 ಮಿ.ಗ್ರಾಂ. ಎರಡು ವರ್ಷದ ಹೋಲಿಕೆಯಲ್ಲಿ ಶೇ 38 ಜನರಲ್ಲಿ ಸುಧಾರಣೆ ತೋರಿಸಿತು, ಫಿನಾಸ್ಟರೈಡ್ ಶೇ 68ರಲ್ಲಿ. ಬಯೋಟಿನ್ ಎಂಬ ವಿಟಮಿನ್ನಿನ ಕೊರತೆ ಇಲ್ಲದವರಿಗೆ ಅದರ ಮಾತ್ರೆಯಿಂದ ಈ ತೊಂದರೆಗೆ ಫಲವಿಲ್ಲ, ಮೇಲಾಗಿ ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೋನಿನ್‌ನಂಥ ರಕ್ತಪರೀಕ್ಷೆಯನ್ನೇ ಅದು ತಪ್ಪಿಸಬಲ್ಲದು.

‘ಬರಲಿರುವ’ ಮದ್ದಿಗೆ ಕಾಯಬೇಕೇ

ಬೇಡ. ಬೋಳು ನೆತ್ತಿಯಲ್ಲಿ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ರಾಸಾಯನಿಕ ಹೆಚ್ಚಿರುವುದು 2012ರಲ್ಲಿ ಕಂಡಾಗ ದೊಡ್ಡ ಭರವಸೆ ಹುಟ್ಟಿತು. ಅದನ್ನು ತಡೆಯುವ ಸೆಟಿಪಿಪ್ರಾಂಟ್ ಮಾತ್ರೆ 169 ಗಂಡಸರ ಪ್ರಯೋಗದಲ್ಲಿ ಪ್ಲಸೀಬೊವನ್ನು ಮೀರಲಿಲ್ಲ. ತಲೆಗೆ ಹಚ್ಚುವ ಪೈರಿಲುಟಮೈಡ್ ಚೀನಾದ ಮೂರನೇ ಹಂತದ ಪ್ರಯೋಗದಲ್ಲಿ ಶುರುವಿಗಿಂತ ಕೂದಲು ಹೆಚ್ಚಿಸಿತು, ಪ್ಲಸೀಬೊ ಜೊತೆ ಹೋಲಿಸಿದಾಗ ಸ್ಪಷ್ಟ ಅಂತರ ಉಳಿಯಲಿಲ್ಲ. ತಲೆಚರ್ಮದಲ್ಲೇ ಡಿಎಚ್‌ಟಿಯ ಬಾಗಿಲು ಮುಚ್ಚುವ ಕ್ಲಾಸ್ಕೊಟೆರೋನ್ ಮಾತ್ರ ಮೂರನೇ ಹಂತದವರೆಗೆ ಗಟ್ಟಿಯಾಗಿ ಬಂದಿದೆ. ಮೊಡವೆಗೆ ಅದರ 1% ಕ್ರೀಮು 2020ರಿಂದಲೇ ಇದೆ, ಕೂದಲಿಗೆ ಪರೀಕ್ಷಿಸುತ್ತಿರುವುದು 5% ದ್ರಾವಣ. ಕ್ರೀಮನ್ನು ತಲೆಗೆ ಹಚ್ಚಿ ಅದೇ ಫಲ ಬಯಸುವುದು ಸರಿಯಲ್ಲ. ಕಾಯುವ ವರ್ಷಗಳಲ್ಲಿ ಕುಗ್ಗಿದ ಬುಡ ಯಾವ ಹೊಸ ಮದ್ದಿಗೂ ಸಿಗುವುದಿಲ್ಲ.

ಆಯ್ಕೆ ಮತ್ತು ಕ್ರಮ

ನೆತ್ತಿ ತೆಳುವಾಗುತ್ತಿರುವ, ಖಿನ್ನತೆಯ ಹಿನ್ನೆಲೆ ಇಲ್ಲದ ಗಂಡಸರಿಗೆ ಫಿನಾಸ್ಟರೈಡ್ ಜೊತೆ 5% ಮಿನಾಕ್ಸಿಡಿಲ್. 2015ರಲ್ಲಿ ಪ್ರಕಟವಾದ ಚೀನಾದ ಒಂದು ವರ್ಷದ ಹೋಲಿಕೆಯಲ್ಲಿ ಮಿನಾಕ್ಸಿಡಿಲ್ ಒಂದರಿಂದ ಶೇ 59, ಫಿನಾಸ್ಟರೈಡ್ ಒಂದರಿಂದ ಶೇ 80.5, ಎರಡೂ ಸೇರಿ ಶೇ 94.1 ಜನರಲ್ಲಿ ಸುಧಾರಣೆ ಕಂಡಿತು. ಯಾರಿಗೆ ಯಾವುದು ಎಂದು ಎಲ್ಲರಿಗೂ ಗೊತ್ತಿದ್ದ ಪ್ರಯೋಗ ಅದು, ಶೇಕಡಾವನ್ನು ಸ್ವಲ್ಪ ತಗ್ಗಿಸಿಕೊಂಡೇ ಓದಬೇಕು. ಮೂರರ ಕ್ರಮ ಮಾತ್ರ ಬೇರೆ ಅಧ್ಯಯನಗಳಿಗೂ ಹೊಂದುತ್ತದೆ. ಹಾರ್ಮೋನಿನ ಮದ್ದು ಬೇಡ ಎನ್ನುವವರಿಗೆ ಮಿನಾಕ್ಸಿಡಿಲ್, ಬೇಕಿದ್ದರೆ ಮೈಕ್ರೊನೀಡ್ಲಿಂಗ್. ಇಪ್ಪತ್ತರ ಆಸುಪಾಸಿನಲ್ಲೇ ವೇಗವಾಗಿ ಹೋಗುತ್ತಿದ್ದರೆ ಬರಿಯ ಮಿನಾಕ್ಸಿಡಿಲ್ ನೆಚ್ಚಿಕೊಳ್ಳಬೇಡಿ, ಅದು ಕಾರಣವನ್ನು ಮುಟ್ಟುವುದಿಲ್ಲ.

ಎರಡನ್ನೂ ಒಂದೇ ದಿನ ಶುರುಮಾಡಬೇಡಿ. ಮೊದಲು ಒಂದು, ಮೂರು ತಿಂಗಳಾದ ಮೇಲೆ ಇನ್ನೊಂದು. ತಲೆ ತುರಿಸಿದರೆ, ಎದೆ ಬಡಿದುಕೊಂಡರೆ, ಮನಸ್ಸು ಕುಗ್ಗಿದರೆ ಯಾವುದರಿಂದ ಎಂದು ಆಗ ತಿಳಿಯುತ್ತದೆ. ಶುರುಮಾಡುವ ಮುನ್ನ ಫೋಟೊ ತೆಗೆಯಿರಿ: ಕೂದಲು ಒಣಗಿರಲಿ, ಅದೇ ದೀಪ, ಅದೇ ದೂರ, ಅದೇ ಉದ್ದದ ಕೂದಲು, ನೆತ್ತಿ, ಹಣೆ ಮತ್ತು ನಡುವಿನ ಬೈತಲೆ ಮೂರು ಕಡೆಯಿಂದ. ಮೂರು ತಿಂಗಳಿಗೊಮ್ಮೆ ತೆಗೆದರೆ ಸಾಕು. ದಿನವೂ ಕನ್ನಡಿ ನೋಡುವುದರಿಂದಲೂ, ಬಚ್ಚಲಲ್ಲಿ ಬಿದ್ದ ಕೂದಲು ಎಣಿಸುವುದರಿಂದಲೂ ಏನೂ ತಿಳಿಯುವುದಿಲ್ಲ. ಮಿನಾಕ್ಸಿಡಿಲ್‌ಗೆ ಆರು ತಿಂಗಳು, ಫಿನಾಸ್ಟರೈಡಿಗೆ ಪೂರ್ತಿ ಒಂದು ವರ್ಷ ಕೊಟ್ಟು, ಮೊದಲ ಮತ್ತು ಕೊನೆಯ ಚಿತ್ರವನ್ನು ನಿಮ್ಮ ಮದ್ದಿನ ವಿಷಯ ಗೊತ್ತಿಲ್ಲದ ಯಾರಿಗಾದರೂ ದಿನಾಂಕ ಮುಚ್ಚಿ ತೋರಿಸಿ. ಯಾವುದು ಮೊದಲಿನದು ಎಂದು ಹೇಳಲು ಅವರು ತಡವರಿಸಿದರೆ ಕೂದಲು ಇದ್ದಲ್ಲೇ ಇದೆ, ಮದ್ದು ಮುಂದುವರಿಸಿ. ತೆಳುವಾದದ್ದೇ ಕೊನೆಯದು ಎಂದು ಅವರು ಸರಿಯಾಗಿ ಗುರುತಿಸಿದರೆ ಆ ಎರಡು ಚಿತ್ರಗಳನ್ನೇ ತೆಗೆದುಕೊಂಡು ಚರ್ಮತಜ್ಞರ ಬಳಿ ಹೋಗಿ, ಮುಂದಿನ ಹೆಜ್ಜೆ ಡುಟಾಸ್ಟರೈಡೋ ಮಿನಾಕ್ಸಿಡಿಲ್ ಮಾತ್ರೆಯೋ ಎಂದು ಕೇಳಿ.